ಅಪ್ಪ ಅಮ್ಮ ಜರ್ಮನಿಗೆ ಹೊರಟಿದ್ದಾರೆ, ಇಲ್ಲಿನ ಸಿಮ್ ಏನು ಮಾಡೋದು?

ಹಾಸನದ_ಹೈದ:

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಮುಂದಿನ ತಿಂಗಳು ಅಕ್ಕನ ಮನೆಗೆ ಹೋಗುತ್ತಿದ್ದಾರೆ, ಸ್ಟುಟ್‌ಗಾರ್ಟ್ ಹತ್ತಿರ. ಅಕ್ಕನ ಬಾಣಂತನಕ್ಕೆ ಹೋಗುತ್ತಿರುವುದು, ಹಾಗಾಗಿ ವೀಸಾ ಕೊಟ್ಟಷ್ಟೂ ದಿನ, ಅಂದರೆ ಹೆಚ್ಚುಕಮ್ಮಿ 90 ದಿನ ಅಲ್ಲೇ ಇರುತ್ತಾರೆ. ಮಧ್ಯೆ ಭಾವ ಒಂದೆರಡು ದಿನ ಸ್ವಿಟ್ಜರ್ಲೆಂಡ್ ತೋರಿಸುತ್ತೇನೆ ಅಂದಿದ್ದಾರೆ. ವಿಮಾನ ದುಬೈ ಮೇಲೆ ಫ್ರಾಂಕ್‌ಫರ್ಟ್‌ಗೆ, ದುಬೈನಲ್ಲಿ ಒಂದಷ್ಟು ಗಂಟೆ ಕಾಯಬೇಕು.

ತಲೆಬಿಸಿ ಇರುವುದು ಫೋನಿನದು. ಅಪ್ಪನ ಪೆನ್ಷನ್ ಬ್ಯಾಂಕು, ಎಲ್ಐಸಿ, ಕರೆಂಟ್ ಬಿಲ್ಲು, ಎಲ್ಲದರ ಓಟಿಪಿ ಬರುವುದು ಅದೇ ಒಂದು ನಂಬರಿಗೆ. ಆ ಸಿಮ್ ಸತ್ತರೆ ಇಲ್ಲಿ ಎಲ್ಲಾ ಕೆಲಸ ನಿಂತ ಹಾಗೆ. ಹಾಗಂತ ಅದನ್ನು ಅಲ್ಲಿ ಆನ್ ಮಾಡಿಟ್ಟರೆ ಬಿಲ್ ಎಷ್ಟು ಬರುತ್ತದೋ ಅಂತ ಅಪ್ಪನಿಗೆ ಈಗಿನಿಂದಲೇ ಭಯ. ಅವರ ಸ್ನೇಹಿತರೊಬ್ಬರು ಹೋದಾಗ ಫೋನ್ ಸುಮ್ನೆ ಜೇಬಿನಲ್ಲೇ ಇತ್ತಂತೆ, ಆದರೂ ಪೋಸ್ಟ್‌ಪೇಯ್ಡ್ ಬಿಲ್ ಬಂದಾಗ ಒಂದು ತಿಂಗಳ ಪೆನ್ಷನ್‌ನಲ್ಲಿ ಅರ್ಧ ಹೋಯಿತು ಅಂತ ಕಥೆ ಹೇಳಿ ಹೆದರಿಸಿದ್ದಾರೆ.

ಇಬ್ಬರದೂ ಪ್ರೀಪೇಯ್ಡ್. ಅಪ್ಪನದು ಎರಡು ಸಿಮ್ ಹಿಡಿಯುವ ಆಂಡ್ರಾಯ್ಡ್, ಅಮ್ಮನದು ನಾನು ಬಳಸಿ ಬಿಟ್ಟ ಐಫೋನ್ 11. ರೋಮಿಂಗ್ ಪ್ಯಾಕ್ ಹಾಕಿಸಲಾ, ಅಲ್ಲೇ ಸಿಮ್ ತಗೊಳ್ಳಲಾ, ಇಲ್ಲ ಈಗ ಎಲ್ಲರೂ ಹೇಳುವ, ಪ್ಲಾಸ್ಟಿಕ್ ಕಾರ್ಡ್ ಇಲ್ಲದೆ ಫೋನ್ ಒಳಗೇ ಚಾಲೂ ಆಗುವ ಇ-ಸಿಮ್ಮಾ? ಅನುಭವ ಇರುವವರು ಹೇಳಿ ಪ್ಲೀಸ್.

ನೆಕ್ಕರ್_ದಡ:

ನಾನಿರುವುದು ಎಸ್ಲಿಂಗನ್‌ನಲ್ಲಿ, ನಿಮ್ಮ ಅಕ್ಕನ ಊರಿನ ಪಕ್ಕ. ಬೇಸಿಗೆ ಬಂದರೆ ಸಾಕು, ಇಲ್ಲಿನ ಕನ್ನಡದವರಲ್ಲಿ ಯಾರಾದರೊಬ್ಬರ ಅಪ್ಪ ಅಮ್ಮ ಬಂದಿಳಿಯುತ್ತಾರೆ, ಮೊದಲ ದಿನ ಇದೇ ಗೋಳು.

ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ. ಊರಿನ ಸಿಮ್‌ಗೆ ಇಲ್ಲಿ ಇರುವುದು ಒಂದೇ ಕೆಲಸ, ಓಟಿಪಿ ಹಿಡಿಯುವುದು. ಇಂಟರ್‌ನೆಟ್, ಫೋನ್ ಮಾಡುವುದು ಎಲ್ಲಾ ಇಲ್ಲಿನ ಸಿಮ್‌ಗೆ ಬಿಡಿ. ಈ ಎರಡು ಕೆಲಸ ಬೆರೆಸಿದಾಗಲೇ ದುಡ್ಡು ಸೋರುವುದು. ರೋಮಿಂಗ್‌ನಲ್ಲಿ ಎಸ್ಎಂಎಸ್ ಬರುವುದಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ. ದುಡ್ಡು ಹೋಗುವುದು ಡೇಟಾಗೆ, ಕಾಲ್ ಎತ್ತಿದರೆ, ಇಲ್ಲಿಂದ ಎಸ್ಎಂಎಸ್ ಕಳಿಸಿದರೆ.

ಹೊರಡುವ ಮುಂಚೆ ಹಾಸನದಲ್ಲೇ ಕೂತು ಮಾಡಬೇಕಾದ್ದು ಸ್ವಲ್ಪ ಇದೆ. ಕಂಪನಿಯ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಇಲ್ಲದಿದ್ದರೆ ಇಲ್ಲಿ ಇಳಿದ ಮೇಲೆ ಸಿಗ್ನಲ್ಲೇ ಬರುವುದಿಲ್ಲ, ಆಗ ಆನ್ ಮಾಡಿಸೋಣ ಅಂದರೆ ಅದಕ್ಕೂ ಒಂದು ಓಟಿಪಿ ಬೇಕು, ಅದು ಬರುವುದು ಅದೇ ಸತ್ತ ಸಿಮ್‌ಗೆ. ಕೆಲವು ಕಂಪನಿಗಳು ಪ್ರೀಪೇಯ್ಡ್‌ನಲ್ಲಿ ಇದಕ್ಕೆ ಒಂದು ಸಣ್ಣ ರೀಚಾರ್ಜ್ ಕೇಳುತ್ತವೆ, ಕೇಳಿ ನೋಡಿ. ಆಮೇಲೆ ವಾಪಸ್ ಬರುವ ದಿನಕ್ಕಿಂತ ಒಂದು ತಿಂಗಳಾದರೂ ಜಾಸ್ತಿ ವ್ಯಾಲಿಡಿಟಿ ಇರುವ ರೀಚಾರ್ಜ್ ಮಾಡಿಸಿ. 28 ದಿನದ ಪ್ಯಾಕ್ ಹಾಕಿಸಿಕೊಂಡು ಬರುವವರೇ ಹೆಚ್ಚು. ವ್ಯಾಲಿಡಿಟಿ ಮುಗಿದು ಸ್ವಲ್ಪ ದಿನಕ್ಕೆ ಇನ್‌ಕಮಿಂಗ್ ಕೂಡ ನಿಲ್ಲುತ್ತದೆ, ಓಟಿಪಿಯೂ ಹೋಯಿತು. ಬರೀ ಕಾಲ್ ಮತ್ತು ಎಸ್ಎಂಎಸ್ ಇರುವ, ಡೇಟಾ ಇಲ್ಲದ ಉದ್ದದ ಪ್ಲಾನ್‌ಗಳು ಈಗ ಇವೆ, ಟೆಲಿಕಾಂ ಕಂಪನಿಗಳಿಗೆ ನಿಯಮ ಹಾಕುವ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಡ್ಡಾಯ ಮಾಡಿದ ಮೇಲೆ ಬಂದವು. ಅಪ್ಪನಿಗೆ ಅದೇ ಸಾಕು.

ಇನ್ನು ಫೋನ್ ಸೆಟ್ಟಿಂಗ್. ಊರಿನ ಸಿಮ್‌ನ ಡೇಟಾ ರೋಮಿಂಗ್ ಆಫ್. ಅಮ್ಮನ ಐಫೋನ್‌ನಲ್ಲಿ ಇನ್ನೊಂದು ಬಟನ್ ಇದೆ, ಸೆಲ್ಯುಲರ್ ಡೇಟಾ ಒಳಗೆ ಹೋದರೆ ಕೆಳಗೆ ‘ಅಲೋ ಸೆಲ್ಯುಲರ್ ಡೇಟಾ ಸ್ವಿಚಿಂಗ್’ ಅಂತ. ಎರಡು ಸಿಮ್ ಇದ್ದಾಗ ಮಾತ್ರ ಕಾಣುತ್ತದೆ. ಅದು ಆನ್ ಇದ್ದರೆ ಒಂದು ಸಿಮ್ ಸಿಗ್ನಲ್ ಕಮ್ಮಿಯಾದಾಗ ಫೋನೇ ಇನ್ನೊಂದು ಸಿಮ್‌ನ ಡೇಟಾಗೆ ಹಾರಬಹುದು. ಅದನ್ನೂ ಆಫ್ ಮಾಡಿಬಿಡಿ.

ವೀಕೆಂಡ್_ಟೂರಿಸ್ಟ್:

ಇಷ್ಟೆಲ್ಲಾ ಸರ್ಕಸ್ ಯಾಕೆ ಗುರು? ಪ್ಯಾಕ್ ಹಾಕಿಸಿ, ಇಳಿದ ತಕ್ಷಣ ಫೋನ್ ಕೆಲಸ ಮಾಡುತ್ತದೆ, ಅದೇ ನಂಬರ್, ಅದೇ ಸಿಮ್. ವಯಸ್ಸಾದವರಿಗೆ ಸಿಮ್ ಬದಲಾಯಿಸು, ಡೇಟಾ ಯಾವುದು ನೋಡು ಅಂತ ಹೇಳಿದರೆ ಅವರು ಇನ್ನೂ ಗಾಬರಿಯಾಗುತ್ತಾರೆ. ನಾನು ಆಫೀಸ್ ಕೆಲಸಕ್ಕೆ ಹೋಗುವಾಗ ಯಾವಾಗಲೂ ಪ್ಯಾಕ್‌ನಲ್ಲೇ ಹೋಗುವುದು, ಒಂದು ದಿನವೂ ತೊಂದರೆ ಆಗಿಲ್ಲ.

ನೆಕ್ಕರ್_ದಡ:

ವಾರಕ್ಕೆ ಬಂದು ಹೋಗುವವರಿಗೆ ಪ್ಯಾಕ್ ಸರಿಯೇ, ಅದೂ ಕಂಪನಿ ದುಡ್ಡು ಕೊಡುವಾಗ ಯಾರು ಬೇಡ ಅಂತಾರೆ. ಇವರು ಇರುವುದು 3 ತಿಂಗಳು ಸರ್, ಅದೂ ಇಬ್ಬರು. ದೊಡ್ಡ ಪ್ಯಾಕ್ ತಗೊಂಡರೂ 30 ದಿನಕ್ಕೆ ಒಂದರಂತೆ ಮೂರು ಸಲ, ಇಬ್ಬರಿಗೆ ಆರು. ಮಗಳ ಮನೆಯಲ್ಲಿ ವೈಫೈ ಇದ್ದೇ ಇದೆ. ಬಾಣಂತಿ ಮನೆ ಬಿಟ್ಟು ಇವರು ದಿನಾ ಎಲ್ಲಿ ತಿರುಗುತ್ತಾರೆ? ಪಾರ್ಕಿಗೆ, ಅಂಗಡಿಗೆ ಹೋಗಿ ಬರುವುದಕ್ಕೆ ಅಷ್ಟು ಡೇಟಾ ಬೇಕಾಗಿಲ್ಲ.

ಗಾಬರಿಯ ಮಾತು ಒಪ್ಪುತ್ತೇನೆ. ಬೇಕಿದ್ದರೆ ಇಳಿದ ದಿನಕ್ಕೆ ಅಂತ ಅಪ್ಪನ ಒಂದು ಫೋನ್‌ಗೆ ಮಾತ್ರ ಚಿಕ್ಕ ಪ್ಯಾಕ್ ಹಾಕಿಸಬಹುದು. ಫ್ರಾಂಕ್‌ಫರ್ಟ್ ಏರ್‌ಪೋರ್ಟ್‌ನಲ್ಲೂ ವೈಫೈ ಫ್ರೀ, ಆದರೆ ಹೊರಗೆ ಬಂದ ಮೇಲೆ ಅಳಿಯ ಎಲ್ಲಿ ನಿಂತಿದ್ದಾರೆ ಅಂತ ಹುಡುಕುವಾಗ ಫೋನ್ ಇದ್ದರೆ ಧೈರ್ಯ.

ಟವರ್_ತಿಮ್ಮ:

ಟೆಲಿಕಾಂನಲ್ಲಿ ಬಿಲ್ಲಿಂಗ್ ಕಡೆ ಕೆಲಸ ಮಾಡಿದವನು, ಆದ್ದರಿಂದ ಜೇಬಿನಲ್ಲಿದ್ದ ಫೋನಿಗೆ ಹೇಗೆ ಬಿಲ್ ಬಂತು ಅನ್ನೋದನ್ನು ಹೇಳುತ್ತೇನೆ. ಫೋನ್ ಜೇಬಿನಲ್ಲಿದ್ದರೆ ಅದು ನಿದ್ದೆ ಮಾಡುತ್ತಿದೆ ಅಂತಲ್ಲ. ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್, ಮೇಲ್, ಅದಕ್ಕಿಂತ ಹೆಚ್ಚಾಗಿ ಫ್ಯಾಮಿಲಿ ಗ್ರೂಪಿನಲ್ಲಿ ಬೆಳಗ್ಗೆಯಿಂದ ಬಂದು ಬೀಳುವ ಶುಭೋದಯದ ವಿಡಿಯೋಗಳು, ಎಲ್ಲಾ ತಾವಾಗಿಯೇ ಇಳಿಯುತ್ತಿರುತ್ತವೆ. ಪ್ಯಾಕ್ ಇಲ್ಲದ ರೋಮಿಂಗ್‌ನಲ್ಲಿ ಡೇಟಾಗೆ ಕಿಲೋಬೈಟ್ ಲೆಕ್ಕದಲ್ಲಿ ದುಡ್ಡು. ಒಂದು ನಿಮಿಷದ ವಿಡಿಯೋ ಅಂದರೆ ಎಷ್ಟು ಕಿಲೋಬೈಟ್ ಅಂತ ನೀವೇ ಲೆಕ್ಕ ಹಾಕಿ. ವಾಟ್ಸ್ಆ್ಯಪ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ ಅಂತ ಇದೆಯಲ್ಲ, ಅದರಲ್ಲಿ ‘ವೆನ್ ರೋಮಿಂಗ್’ ಅನ್ನುವ ಸಾಲಿನಲ್ಲಿ ಟಿಕ್ ಎಲ್ಲಾ ತೆಗೆದುಬಿಡಿ.

ರೇಟು ಯಾಕೆ ಅಷ್ಟು ಅಂದರೆ, ನಿಮ್ಮ ಸಿಮ್ ಅಲ್ಲಿ ಇನ್ನೊಬ್ಬ ಕಂಪನಿಯ ಟವರ್ ಬಳಸುತ್ತದೆ. ಆ ಕಂಪನಿ ನಿಮ್ಮ ಕಂಪನಿಗೆ ಬಿಲ್ ಹಾಕುತ್ತದೆ, ಇವರು ಅದರ ಮೇಲೆ ತಮ್ಮದು ಸೇರಿಸಿ ನಿಮಗೆ ಹಾಕುತ್ತಾರೆ. ಒಬ್ಬರಿಗೊಬ್ಬರು ಎಷ್ಟು ಅಂತ ಮಾತಾಡಿಕೊಂಡಿರುತ್ತಾರೋ ಅಷ್ಟು. ಯೂರೋಪಿನವರು ಇದಕ್ಕೆ ಕಾನೂನೇ ಮಾಡಿದರು. 2017ರ ಜೂನ್ 15ರಿಂದ ಯೂರೋಪಿಯನ್ ಯೂನಿಯನ್ನಿನ ಒಂದು ದೇಶದ ಸಿಮ್ ಇನ್ನೊಂದು ದೇಶದಲ್ಲಿ ಮನೆಯ ರೇಟಿನಲ್ಲೇ ನಡೆಯಬೇಕು. 2022ರಲ್ಲಿ ಅದನ್ನು 2032ರ ತನಕ ಮುಂದುವರಿಸಿದರು. ಹಾಗಾಗಿ ಜರ್ಮನಿಯ ಸಿಮ್ ಫ್ರಾನ್ಸ್, ಆಸ್ಟ್ರಿಯಾ, ಇಟಲಿಯಲ್ಲಿ ಕಾಸು ಜಾಸ್ತಿ ಕೇಳುವುದಿಲ್ಲ. ಆದರೆ ಸ್ವಿಟ್ಜರ್ಲೆಂಡ್ ಯೂನಿಯನ್ನಿನಲ್ಲಿ ಇಲ್ಲ! ನಿಮ್ಮ ಭಾವ ಕರೆದುಕೊಂಡು ಹೋಗುವುದು ಸರಿಯಾಗಿ ಅಲ್ಲಿಗೇ. ಇದನ್ನು ನೋಡಿಕೊಳ್ಳಿ.

ಇನ್‌ಕಮಿಂಗ್ ಕಾಲ್ ಬಗ್ಗೆಯೂ ಅಪ್ಪನಿಗೆ ಒಂದು ಮಾತು ಹೇಳಿ. ಊರಿನ ನಂಬರಿಗೆ ಬಂದ ಕಾಲ್ ಎತ್ತಿದರೆ ದುಡ್ಡು ಎತ್ತಿದವರದು. ಇಲ್ಲಿ ಬೆಳಗ್ಗೆ 10 ಗಂಟೆಗೆ ‘ಸರ್ ಲೋನ್ ಬೇಕಾ’ ಅಂತ ಯಾರೋ ಹುಡುಗಿ ಫೋನ್ ಮಾಡಿದರೆ ಬೇಸಿಗೆಯಲ್ಲಿ ಅಲ್ಲಿ ಆರೂವರೆ, ಅಪ್ಪ ನಿದ್ದೆಗಣ್ಣಲ್ಲಿ ಎತ್ತಿ, ಬೇಡಮ್ಮ ಅಂತ ಮರ್ಯಾದೆಯಾಗಿ ಹೇಳುವಷ್ಟರಲ್ಲಿ ಮೀಟರ್ ಓಡಿರುತ್ತದೆ. ಕಾಲ್ ಸೆಟ್ಟಿಂಗ್‌ನಲ್ಲಿ ಕಾಲ್ ಬಾರಿಂಗ್ ಅಂತ ಇರುತ್ತದೆ, ರೋಮಿಂಗ್‌ನಲ್ಲಿ ಇನ್‌ಕಮಿಂಗ್ ತಡೆಯುವ ಆಯ್ಕೆ ಅದರಲ್ಲೇ. ಹಾಕುವುದಾದರೆ ಕಾಲ್‌ಗೆ ಮಾತ್ರ ಹಾಕಿ. ಎಲ್ಲಾ ಸೇವೆಗೂ ಹಾಕಿದರೆ ಎಸ್ಎಂಎಸ್ ಕೂಡ ನಿಂತು ಓಟಿಪಿಗೆ ಕುತ್ತು.

ಹಾಸನದ_ಹೈದ:

ಅಬ್ಬಾ, ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಒಂದು ಡೌಟು. ಅಮ್ಮನ ಫೋನಿಗೆ ಇ-ಸಿಮ್ ಹಾಕೋಣ ಅಂತ ಆಫೀಸಿನ ಗೆಳೆಯ ಹೇಳಿದ. ಐರಾಲೋ ಅಂತ ಹೆಸರು ಹೇಳಿದ, ಆ್ಯಪ್ ಸ್ಟೋರ್‌ನಲ್ಲಿ ಹುಡುಕಿದರೆ ಬರುತ್ತಲೇ ಇಲ್ಲ. ಅವನ ಅಮೆರಿಕದ ತಂಗಿಯ ಫೋನಿನಲ್ಲಿ ಬರುತ್ತದಂತೆ. ಫೋನ್ ಹಳೇದು ಅಂತ ಹೀಗಾ?

ಟವರ್_ತಿಮ್ಮ:

ಫೋನ್ ಚೆನ್ನಾಗಿದೆ ಬಿಡಿ. ಐಫೋನ್ 11ರಲ್ಲಿ ಇ-ಸಿಮ್ ಇದೆ, 2018ರ ಎಕ್ಸ್ಎಸ್‌ನಿಂದಲೇ ಬಂದಿದೆ. 2024ರ ಜನವರಿಯಲ್ಲಿ ಟೆಲಿಕಾಂ ಇಲಾಖೆಯವರು ಐರಾಲೋ, ಹೋಲಾಫ್ಲೈ ಎರಡನ್ನೂ ಇಂಡಿಯಾದ ಆ್ಯಪ್ ಸ್ಟೋರ್, ಪ್ಲೇ ಸ್ಟೋರ್‌ಗಳಿಂದ ತೆಗೆಸಿದರು. ಇಲ್ಲಿ ವಿದೇಶಿ ಸಿಮ್ ಮಾರಬೇಕಾದರೆ ಇಲಾಖೆಯ ಒಪ್ಪಿಗೆ ಪತ್ರ ಬೇಕು, ಅದಿಲ್ಲದೆ ಮಾರುತ್ತಿದ್ದಾರೆ, ಮೋಸ ಮಾಡುವವರು ಇದನ್ನು ಬಳಸುತ್ತಿದ್ದಾರೆ ಅನ್ನುವ ಕಾರಣಕ್ಕೆ. ಒಪ್ಪಿಗೆ ಇರುವ ಕಂಪನಿಗಳು ಬೇರೆ ಇವೆ, ಅವರ ಹತ್ತಿರ ಪಾಸ್‌ಪೋರ್ಟ್, ಟಿಕೆಟ್ ಕೊಟ್ಟು ತಗೊಳ್ಳಬಹುದು.

ಒಂದು ವಿಷಯ. ಈ ಪ್ರವಾಸಿ ಇ-ಸಿಮ್‌ಗಳಲ್ಲಿ ಹೆಚ್ಚಿನವು ಬರೀ ಡೇಟಾ. ನಂಬರ್ ಇರುವುದಿಲ್ಲ. ವಾಟ್ಸ್ಆ್ಯಪ್ ನಡೆಯುತ್ತದೆ, ಆದರೆ ಅಲ್ಲಿನ ಆಸ್ಪತ್ರೆಯವರೋ ಡಾಕ್ಟರೋ ವಾಪಸ್ ಫೋನ್ ಮಾಡಬೇಕು ಅಂದರೆ ಕೊಡುವುದಕ್ಕೆ ನಂಬರ್ ಬೇಕಲ್ವಾ. 90 ದಿನ ಇರುವವರಿಗೆ ಅಲ್ಲಿನ ಪ್ರೀಪೇಯ್ಡ್ ಸಿಮ್ಮೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಕುಡ್ಲ_ದುಬೈ:

ದುಬೈ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಬರೀ ವಿಮಾನ ಬದಲಾಯಿಸುವುದಾದರೆ ಸಿಮ್ ಗಿಮ್ ಏನೂ ಬೇಡ, ಏರ್‌ಪೋರ್ಟ್ ವೈಫೈ ಫ್ರೀ, ಸ್ಪೀಡೂ ಚೆನ್ನಾಗಿದೆ. ಆದರೆ ಅಮ್ಮ ಅಲ್ಲಿಂದ ವಾಟ್ಸ್ಆ್ಯಪ್‌ನಲ್ಲಿ ನಿಮಗೆ ಕಾಲ್ ಮಾಡಲು ಹೋಗುತ್ತಾರೆ, ಕಾಲ್ ಹೋಗುವುದಿಲ್ಲ, ಆಮೇಲೆ ಫೋನೇ ಕೆಟ್ಟಿತು ಅಂತ ಅಂದುಕೊಳ್ಳುತ್ತಾರೆ! ದುಬೈ ಸೇರಿ ಇಡೀ ಯುಎಇ ದೇಶದಲ್ಲಿ ವಾಟ್ಸ್ಆ್ಯಪ್ ಕಾಲ್ ಬ್ಲಾಕ್. ಮೆಸೇಜ್, ವಾಯ್ಸ್ ನೋಟ್ ಹೋಗುತ್ತದೆ. ಇಲ್ಲಿರುವ ನಾವೆಲ್ಲಾ ಊರಿಗೆ ಮಾತಾಡುವುದು ಬೋಟಿಮ್ ತರಹದ ಒಪ್ಪಿಗೆ ಇರುವ ಆ್ಯಪ್‌ನಲ್ಲಿ. ಮೊದಲೇ ಹೇಳಿಡಿ, ‘ದುಬೈನಲ್ಲಿ ಕಾಲ್ ಬರಲ್ಲ, ತಲುಪಿದೆವು ಅಂತ ಒಂದು ವಾಯ್ಸ್ ನೋಟ್ ಹಾಕಿ ಸಾಕು’ ಅಂತ.

ಮತ್ತೆ ವಿಮಾನದಲ್ಲಿ ಫ್ಲೈಟ್ ಮೋಡ್ ಹಾಕಿಸಲೇಬೇಕು. ಕೆಲವು ವಿಮಾನಗಳ ಒಳಗೇ ಮೊಬೈಲ್ ನೆಟ್‌ವರ್ಕ್ ಇರುತ್ತದೆ, ಸ್ಯಾಟಲೈಟ್ ಮೇಲೆ ನಡೆಯುವುದು. ಸಾಮಾನ್ಯ ರೋಮಿಂಗ್ ಪ್ಯಾಕ್ ಅದಕ್ಕೆ ನಡೆಯುವುದಿಲ್ಲ, ರೇಟು ಆಕಾಶದಲ್ಲೇ ಇದೆ.

ಟವರ್_ತಿಮ್ಮ:

ಕುಡ್ಲದವರು ಹೇಳಿದ್ದಕ್ಕೆ ಒಂದು ಸಣ್ಣ ಸೇರ್ಪಡೆ. ಇಂಡಿಯಾ ಸಿಮ್‌ನ ರೋಮಿಂಗ್ ಡೇಟಾದಲ್ಲಿ ಅದೇ ದುಬೈನಲ್ಲಿ ವಾಟ್ಸ್ಆ್ಯಪ್ ಕಾಲ್ ಸಾಮಾನ್ಯವಾಗಿ ಹೋಗುತ್ತದೆ. ರೋಮಿಂಗ್‌ನಲ್ಲಿ ಡೇಟಾ ಅಲ್ಲಿನ ಇಂಟರ್‌ನೆಟ್‌ಗೆ ನೇರವಾಗಿ ಹೋಗುವುದಿಲ್ಲ, ನಮ್ಮ ಕಂಪನಿಯ ಗೇಟ್‌ವೇ ತನಕ ಇಂಡಿಯಾಗೆ ಬಂದು ಆಮೇಲೆ ಹೊರಗೆ ಹೋಗುತ್ತದೆ. ಹೊರಗಿದ್ದಾಗ ನಮ್ಮ ಸಿಮ್‌ನಲ್ಲಿ ನೆಟ್ ನಿಧಾನ ಅನ್ನಿಸುವುದಕ್ಕೂ, ಇಲ್ಲಿನ ಟಿವಿ ಆ್ಯಪ್‌ಗಳು ಅಲ್ಲೂ ನಡೆಯುವುದಕ್ಕೂ ಇದೇ ಕಾರಣ. ದುಬೈನ ಒಂದಷ್ಟು ಗಂಟೆಗೋಸ್ಕರ ಇದನ್ನು ನಂಬಿಕೊಂಡು ಪ್ಯಾಕ್ ಹಾಕಿಸಬೇಡಿ ಮತ್ತೆ.

ನೆಕ್ಕರ್_ದಡ:

ಜರ್ಮನಿ ಸಿಮ್‌ಗೆ ಬರುತ್ತೇನೆ. ಸಿಮ್ ಸಿಗುವುದು ಸುಲಭ, ಆಲ್ಡಿ, ಲಿಡ್ಲ್ ತರಹದ ದಿನಸಿ ಅಂಗಡಿಯ ಕೌಂಟರ್ ಹತ್ತಿರವೇ ನೇತುಹಾಕಿರುತ್ತಾರೆ, ಹಾಲು ಬ್ರೆಡ್ ಜೊತೆ ಬುಟ್ಟಿಗೆ ಹಾಕಿಕೊಂಡು ಬರಬಹುದು. ಅದನ್ನು ಚಾಲೂ ಮಾಡುವುದು ಇದೆಯಲ್ಲ, ಅದು ಬೇರೆ ಕಥೆ. 2017ರಿಂದ ಪ್ರೀಪೇಯ್ಡ್ ಸಿಮ್‌ಗೂ ಗುರುತು ತೋರಿಸುವುದು ಕಡ್ಡಾಯ. ವಿಡಿಯೋ ಕಾಲ್‌ನಲ್ಲಿ ಒಬ್ಬರು ಬರುತ್ತಾರೆ, ಪಾಸ್‌ಪೋರ್ಟನ್ನು ಮುಖದ ಪಕ್ಕ ಹಿಡಿಯಿರಿ ಅಂತಾರೆ, ಆಮೇಲೆ ಆ ಕಡೆ ಈ ಕಡೆ ವಾಲಿಸಿ ಅಂತಾರೆ, ಹಾಳೆ ಮೇಲಿನ ಹೊಳಪು ಕ್ಯಾಮೆರಾಗೆ ಕಾಣಬೇಕು, ಬೆಳಕು ಹೆಚ್ಚಾದರೆ ಬರೀ ಬಿಳಿ ಕಾಣುತ್ತದೆ, ಕಮ್ಮಿಯಾದರೆ ಏನೂ ಕಾಣುವುದಿಲ್ಲ. ಪಕ್ಕದಲ್ಲಿ ಮಗಳು ಉತ್ತರ ಹೇಳಿಕೊಟ್ಟರೆ ಅವರಿಗೆ ಇಷ್ಟವಾಗುವುದಿಲ್ಲ, ಯಾರ ಪಾಸ್‌ಪೋರ್ಟೋ ಅವರೇ ಮಾತಾಡಬೇಕು. ಇಂಗ್ಲಿಷ್ ಅಷ್ಟಾಗಿ ಬರದ ಹಿರಿಯರಿಗೆ ಇದು ಬೇಡ. ಪಾಸ್‌ಪೋರ್ಟ್ ಹಿಡಿದು ಪೋಸ್ಟ್ ಆಫೀಸಿಗೆ ಹೋದರೆ ಅಲ್ಲಿನ ಕೌಂಟರ್‌ನಲ್ಲೂ ಗುರುತು ಪಕ್ಕಾ ಮಾಡಿಕೊಡುವ ವ್ಯವಸ್ಥೆ ಇದೆ, ಎಲ್ಲಾ ಕಂಪನಿಗೂ ಇರುವುದಿಲ್ಲ, ಸಿಮ್ ತಗೊಳ್ಳುವ ಮುಂಚೆ ನೋಡಿಕೊಳ್ಳಬೇಕು. ಇನ್ನೊಂದು ದಾರಿ, ಲೆಬಾರಾ, ಲೈಕಾ ಅನ್ನುವ ಸಿಮ್ ಕಂಪನಿಗಳ ಬೋರ್ಡ್ ಹಾಕಿರುವ ಸಣ್ಣ ಅಂಗಡಿಗಳು. ರೈಲ್ವೆ ಸ್ಟೇಷನ್ ಸುತ್ತಮುತ್ತ ಇರುತ್ತವೆ. ಅಂಗಡಿಯವರೇ ಪಾಸ್‌ಪೋರ್ಟ್ ನೋಡಿ, ಅಕ್ಕನ ಮನೆ ವಿಳಾಸ ಬರೆದುಕೊಂಡು, ಅಲ್ಲೇ ಚಾಲೂ ಮಾಡಿ ಕೊಡುತ್ತಾರೆ.

ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಸಲೀಸು ಅಂದರೆ ಅಕ್ಕನೋ ಭಾವನೋ ತಮ್ಮ ಹೆಸರಿನಲ್ಲೇ ಮುಂಚೆ ಎರಡು ಸಿಮ್ ತಗೊಂಡು ಇಟ್ಟಿರುವುದು. ಬಾಣಂತಿಗೆ ಈ ಕೆಲಸ ಹಚ್ಚಬೇಡಿ, ಭಾವನಿಗೆ ಹೇಳಿ.

ಸ್ವಿಟ್ಜರ್ಲೆಂಡ್ ವಿಷಯ. ಸ್ಟುಟ್‌ಗಾರ್ಟ್‌ನಿಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಮೊದಲ ಜಾಗ ಶಾಫ್‌ಹೌಸನ್ ಹತ್ತಿರದ ರೈನ್ ಜಲಪಾತ ಅಥವಾ ಬೋಡನ್ ಸರೋವರ, ಬೇಕಿದ್ದರೆ ಬೆಟ್ ಕಟ್ಟುತ್ತೇನೆ. ಆ ಸರೋವರದ ದಡದ ಕೊನ್‌ಸ್ಟಾನ್ಜ್ ಊರು ಜರ್ಮನಿ, ಅದಕ್ಕೆ ಅಂಟಿಕೊಂಡಿರುವ ಕ್ರಾಯ್ಟ್ಸ್‌ಲಿಂಗನ್ ಸ್ವಿಟ್ಜರ್ಲೆಂಡ್. ನೀವು ಜರ್ಮನಿಯ ಬೆಂಚಿನ ಮೇಲೆ ಕೂತು ಐಸ್‌ಕ್ರೀಮ್ ತಿನ್ನುತ್ತಿರುತ್ತೀರಿ, ಫೋನ್ ಆಗಲೇ ಸ್ವಿಸ್ ಟವರ್ ಹಿಡಿದು ‘ಸ್ವಿಟ್ಜರ್ಲೆಂಡ್‌ಗೆ ಸ್ವಾಗತ’ ಅಂತ ಮೆಸೇಜ್ ತೋರಿಸುತ್ತದೆ. ಕೆಲವು ಜರ್ಮನ್ ಪ್ಲಾನ್‌ಗಳಲ್ಲಿ ಸ್ವಿಟ್ಜರ್ಲೆಂಡೂ ಸೇರಿರುತ್ತದೆ, ಸಿಮ್ ಆರಿಸುವಾಗಲೇ ಭಾವ ಇದನ್ನು ನೋಡಿದರೆ ತಲೆನೋವಿಲ್ಲ. ಇಲ್ಲದಿದ್ದರೆ ಆ ದಿನ ಜರ್ಮನ್ ಸಿಮ್‌ನ ಡೇಟಾ ರೋಮಿಂಗೂ ಆಫ್, ಗೂಗಲ್ ಮ್ಯಾಪ್ ಮನೆಯ ವೈಫೈನಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋಗುವುದು. ಮತ್ತೆ ಭಾವನ ಫೋನ್ ಜೊತೆಗಿರುತ್ತದಲ್ಲ, ಹಾಟ್‌ಸ್ಪಾಟ್ ಕೊಟ್ಟರೆ ಆಯಿತು.

ಸ್ಯಾನ್‌ಹೋಸೆ_ಸೊಸೆ:

ಅಮೆರಿಕಕ್ಕೆ ಹೊರಟವರು ಇದನ್ನು ಓದುತ್ತಿದ್ದರೆ ಒಂದು ಎಚ್ಚರಿಕೆ. ಇಲ್ಲಿ ದೊಡ್ಡ ಕಂಪನಿಗಳೆಲ್ಲಾ 2022ರಲ್ಲಿ 3ಜಿ ಮುಚ್ಚಿದವು. ಕಾಲ್ ಹೋಗಬೇಕಾದರೆ ಫೋನ್ ಇಲ್ಲಿನ ವೋಲ್ಟಿಗೆ, ಅಂದರೆ 4ಜಿ ಮೇಲೆ ಕಾಲ್ ಮಾಡುವ ವ್ಯವಸ್ಥೆಗೆ, ಹೊಂದಬೇಕು. ಊರಿನಿಂದ ತಂದ ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಇಲ್ಲಿನ ಸಿಮ್ ಹಾಕಿದರೆ ಇಂಟರ್‌ನೆಟ್ ಬರುತ್ತದೆ, ಮಾಮೂಲಿ ಕಾಲ್ ಮಾತ್ರ ಹೋಗುವುದಿಲ್ಲ. ನಮ್ಮ ಅತ್ತೆಯ ಫೋನ್ ಹಾಗೇ ಆಗಿತ್ತು. ಫೋನ್ ಮಾಡೆಲ್ ನಡೆಯುತ್ತದಾ ಅಂತ ಸಿಮ್ ಕಂಪನಿಯ ಸೈಟ್‌ನಲ್ಲಿ ನೋಡಿಯೇ ಸಿಮ್ ತಗೊಳ್ಳಿ.

ಇನ್ನೊಂದು ಎಲ್ಲಾ ದೇಶಕ್ಕೂ ಅನ್ವಯಿಸುವುದು. ಹೊರಡುವ ಮುಂಚೆ ಅಪ್ಪನಿಗೆ ಹೊಸ ಫೋನ್ ಕೊಡಿಸುವ ಪ್ರೀತಿ ತೋರಿಸಬೇಡಿ! ಯುಪಿಐ ಆ್ಯಪ್ ಹೊಸ ಫೋನಿಗೆ ಹಾಕಿದರೆ, ಅಥವಾ ಹಳೇದರಲ್ಲೇ ತೆಗೆದು ಮತ್ತೆ ಹಾಕಿದರೆ, ಅದು ಬ್ಯಾಂಕಿಗೆ ಸೇರಿಸಿದ ಸಿಮ್‌ನಿಂದ ಒಂದು ಎಸ್ಎಂಎಸ್ ಹೊರಗೆ ಕಳಿಸುತ್ತದೆ. ರೋಮಿಂಗ್‌ನಲ್ಲಿ ಆ ಎಸ್ಎಂಎಸ್‌ಗೆ ದುಡ್ಡು, ಬ್ಯಾಲೆನ್ಸ್ ಇಲ್ಲದಿದ್ದರೆ ಹೋಗುವುದೇ ಇಲ್ಲ. ಏನಾದರೂ ಬದಲಾಯಿಸುವುದಿದ್ದರೆ ಇಂಡಿಯಾದಲ್ಲಿರುವಾಗಲೇ ಮಾಡಿ ಮುಗಿಸಿ. ಸಿಮ್‌ನಲ್ಲಿ ಒಂದಿಷ್ಟು ಟಾಕ್‌ಟೈಮ್ ಕೂಡ ಇರಲಿ.

ಹಾಸನದ_ಹೈದ:

ಸರಿ, ಹೀಗೆ ಮಾಡುತ್ತೇವೆ. ಇಬ್ಬರ ಸಿಮ್‌ಗೂ ಉದ್ದದ ವ್ಯಾಲಿಡಿಟಿ, ರೋಮಿಂಗ್ ಆನ್, ಡೇಟಾ ಆಫ್. ಜರ್ಮನಿ ಸಿಮ್ ಎರಡು ಭಾವ ತಗೊಳ್ಳುತ್ತಾರೆ. ಅಮ್ಮನ ಐಫೋನ್‌ನಲ್ಲಿ ಒಂದೇ ಸಿಮ್ ಜಾಗ ಇರುವುದರಿಂದ ಅವರ ಊರಿನ ನಂಬರನ್ನು ಇಲ್ಲೇ ಇ-ಸಿಮ್‌ಗೆ ಬದಲಾಯಿಸಿ, ಅಲ್ಲಿನ ಪ್ಲಾಸ್ಟಿಕ್ ಸಿಮ್‌ಗೆ ಜಾಗ ಬಿಡಿಸುತ್ತೇನೆ. ಸರಿ ತಾನೇ?

ಇನ್ನೊಂದೇ ಪ್ರಶ್ನೆ. ಅಪ್ಪ ಬ್ಯಾಂಕಿನ ಟೋಲ್‌ಫ್ರೀ ನಂಬರಿಗೆ ಫೋನ್ ಮಾಡಬೇಕಾಗಿ ಬಂದರೆ? ಮೊದಲು ಸ್ಕೈಪ್‌ನಲ್ಲಿ ಮಾಡಬಹುದು ಅಂತಿದ್ದರು.

ಟವರ್_ತಿಮ್ಮ:

ಇ-ಸಿಮ್ ಯೋಚನೆ ಚೆನ್ನಾಗಿದೆ, ಆದರೆ ಹೊರಡುವ ಹಿಂದಿನ ದಿನ ಮಾಡಬೇಡಿ. ಸಿಮ್ ಬದಲಾದ ಮೇಲೆ ಸ್ವಲ್ಪ ಹೊತ್ತು ಎಸ್ಎಂಎಸ್ ತಡೆದಿರುತ್ತಾರೆ, ಬ್ಯಾಂಕ್ ಆ್ಯಪ್‌ಗಳೂ ಮತ್ತೆ ರಿಜಿಸ್ಟರ್ ಮಾಡು ಅನ್ನಬಹುದು. ಒಂದು ವಾರ ಮುಂಚೆ ಮಾಡಿ ಎಲ್ಲಾ ನಡೆಯುತ್ತಿದೆಯಾ ನೋಡಿಕೊಳ್ಳಿ.

ಸ್ಕೈಪ್ 2025ರ ಮೇ ತಿಂಗಳಲ್ಲೇ ಮುಚ್ಚಿತು. 1800 ನಂಬರ್‌ಗಳು ಹೊರದೇಶದಿಂದ ಸಾಮಾನ್ಯವಾಗಿ ಸಿಗುವುದಿಲ್ಲ. ಹೊರಗಿನಿಂದ ಮಾಡುವವರಿಗೆ ಅಂತ ಬ್ಯಾಂಕುಗಳು +91 ಇರುವ ಬೇರೆ ನಂಬರ್ ಕೊಟ್ಟಿರುತ್ತವೆ, ಬ್ಯಾಂಕಿನ ಸೈಟ್‌ನಲ್ಲಿ ನೋಡಿ ಈಗಲೇ ಅಪ್ಪನ ಫೋನ್‌ನಲ್ಲಿ ಸೇವ್ ಮಾಡಿ. ಹಾಗೇ ಮನೆಯವರ ನಂಬರ್‌ಗಳಿಗೂ ಮುಂದೆ +91 ಹಾಕಿಬಿಡಿ. ಬರೀ ಹತ್ತು ಅಂಕಿ ಇದ್ದರೆ ಜರ್ಮನ್ ಸಿಮ್‌ನಿಂದ ಕಾಲ್ ಹೋಗುವುದಿಲ್ಲ.

ನೆಕ್ಕರ್_ದಡ:

ಭಾವನಿಗೆ ಹೇಳಿ, ಅವರ ಪ್ಲಾನ್‌ನಿಂದ +91ಗೆ ನೇರವಾಗಿ ಕಾಲ್ ಮಾಡಿದರೆ ನಿಮಿಷಕ್ಕೆ ಎಷ್ಟು ಅಂತ ಮೊದಲೇ ನೋಡಲಿ. ಲೆಬಾರಾ, ಲೈಕಾದವರು ಇಂಡಿಯಾಗೆ ನಿಮಿಷ ಸೇರಿಸಿದ ಪ್ಲಾನ್ ಇಟ್ಟಿರುತ್ತಾರೆ, ದಿನಸಿ ಅಂಗಡಿ ಸಿಮ್‌ಗಳಲ್ಲಿ ಅದಕ್ಕೆ ಬೇರೆ ದುಡ್ಡು. ಅಪ್ಪನಿಗೆ ಬ್ಯಾಂಕಿನ ಕೆಲಸ ಜಾಸ್ತಿ ಇದ್ದರೆ ಅವರಿಗೊಂದು ಲೆಬಾರಾ ತರಹದ್ದು, ಅಮ್ಮನಿಗೆ ಯಾವುದಾದರೂ ನಡೆಯುತ್ತದೆ.